ಆರರ ಮುಂದಿನ ಮಗ್ಗಿ

ಈ ಕಥೆಯನ್ನು ಮನಸ್ಸಿನಲ್ಲೇ ಓದಿಕೊಳ್ಳಿ. ಗಟ್ಟಿಯಾಗಿಯೇ ಓದಬೇಕು ಅನ್ನುವುದಾದರೆ ಪಕ್ಕದಲ್ಲಿ ಯಾರೂ ಬಿಸಿ ಕಾಫಿ ಹಿಡಿದು ಕೂತಿಲ್ಲ ಅನ್ನುವುದನ್ನು ಮೊದಲು ನೋಡಿಕೊಳ್ಳಿ. ನಿಮ್ಮ ಊರಿನಲ್ಲಿ ಹೇಗೋ ನನಗೆ ಗೊತ್ತಿಲ್ಲ. ನಮ್ಮ ಊರಿನಲ್ಲಿ ಆರಕ್ಕೂ ಎಂಟಕ್ಕೂ ನಡುವೆ ಇರುವ ಅಂಕಿಯನ್ನು ಯಾರಾದರೂ ಬಾಯಿಬಿಟ್ಟು 'ಏಳು' ಅಂದರೆ ಕೇಳಿಸಿಕೊಂಡವರು ಎದ್ದು ನಿಲ್ಲುತ್ತಾರೆ. ಕೂತವರೂ ಅಷ್ಟೆ, ಮಲಗಿದವರೂ ಅಷ್ಟೆ. ಬೇಕು ಅಂತ ಏಳುವುದಲ್ಲ, ಮೈ ತಾನಾಗಿಯೇ ಎದ್ದುಬಿಡುತ್ತದೆ. ಎದ್ದ ಮೇಲೆ ಮತ್ತೆ ಕೂತುಕೊಳ್ಳಬಹುದು, ಅದಕ್ಕೇನೂ ಅಡ್ಡಿಯಿಲ್ಲ.

ಹಾಗಂತ ನಾವೇನೂ ಇದನ್ನು ದೊಡ್ಡ ವಿಷಯ ಮಾಡಿಕೊಂಡಿಲ್ಲ. ಅಂಗಡಿಯಲ್ಲಿ 'ಆರ್ಮುಂದೆ ಬಾಳೆಹಣ್ಣು ಕೊಡಿ' ಅನ್ನುತ್ತೇವೆ, ಅಂಗಡಿಯವನು ಸರಿಯಾಗಿಯೇ ಕೊಡುತ್ತಾನೆ. ನಮ್ಮ ಮಕ್ಕಳಿಗೆ ಆರು ತುಂಬಿದ ಮೇಲೆ ಒಂದು ವರ್ಷ ವಯಸ್ಸೇ ಇರುವುದಿಲ್ಲ, ಕೇಳಿದವರಿಗೆ 'ಆರಾಯ್ತು, ಎಂಟಾಗ್ಬೇಕು' ಅಂತ ಹೇಳಿ ಕಳಿಸುತ್ತೇವೆ. ಕ್ಷೌರದ ಅಂಗಡಿಯ ಬಾಗಿಲಿಗೆ ಮಾತ್ರ ದಪ್ಪ ಗೋಣಿಯ ಪರದೆ ಇಳಿಬಿಟ್ಟಿದ್ದಾರೆ. ಹಿಂದೊಮ್ಮೆ ಹೊರಗಿನ ಬಸ್ಸಿನ ಕಂಡಕ್ಟರೊಬ್ಬ ಬೀದಿಯಲ್ಲಿ ನಿಂತು ಖಾಲಿ ಸೀಟು ಎಣಿಸಿದ್ದಕ್ಕೆ ಮೂರು ಜನರ ಮೀಸೆ ಹೋಗಿತ್ತು. ಪುರಸಭೆಯ ಅಧ್ಯಕ್ಷರಂತೂ ಇದನ್ನು ಚೆನ್ನಾಗಿಯೇ ಉಪಯೋಗಿಸಿಕೊಂಡರು. 'ಈ ಊರಿಗೆ ನಾನು ಏಳು ಕೊಳಾಯಿ ತಂದಿದ್ದೇನೆ' ಅಂತ ಭಾಷಣದಲ್ಲಿ ಹೇಳಿದರು, ಸಭೆಗೆ ಸಭೆಯೇ ಎದ್ದು ನಿಂತಿತು, ಫೋಟೋದವನು ಫೋಟೋ ಹೊಡೆದ. ಕೊಳಾಯಿ ಬಂದದ್ದು ಎರಡು.

ಅಧ್ಯಕ್ಷರು ಮಾತ್ರ ಯಾವತ್ತೂ ಏಳುವುದಿಲ್ಲ. ಡಾಕ್ಟರು ಏಳುವುದಿಲ್ಲ, ಬಟ್ಟೆ ಅಂಗಡಿಯ ಸಾಹುಕಾರರು ಏಳುವುದಿಲ್ಲ, ಶಾಲೆಯ ಬೋರಲಿಂಗಯ್ಯ ಮೇಷ್ಟ್ರು ಏಳುವುದಿಲ್ಲ. ದೊಡ್ಡವರಿಗೆ ಅದು ತಾಕುವುದಿಲ್ಲ ಅಂತ ಊರಿನ ನಂಬಿಕೆ. ತೂಕ ಇರುವವರು ಏಳುವುದಿಲ್ಲ ಅಂತ ಕೆಲವರು, ತುಪ್ಪ ತಿಂದವರು ಏಳುವುದಿಲ್ಲ ಅಂತ ಕೆಲವರು, ಓದಿದವರು ಏಳುವುದಿಲ್ಲ ಅಂತ ಮೇಷ್ಟ್ರು. ನನ್ನ ಗಂಡ ಚೆಲುವರಾಜು ಅದೇ ಸಾಹುಕಾರರ ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸುವ ಕೆಲಸದಲ್ಲಿದ್ದರು. ಅಂಗಡಿಯಲ್ಲಿ ತಪ್ಪದೆ ಏಳುತ್ತಿದ್ದರು. ಮನೆಯಲ್ಲಿ ಒಂದು ದಿನ ಏಳುತ್ತಿದ್ದರು, ಒಂದು ದಿನ ಇಲ್ಲ. ಎದ್ದ ದಿನ 'ವಾಯು' ಅನ್ನುತ್ತಿದ್ದರು, ಏಳದ ದಿನ 'ಯಜಮಾನ' ಅನ್ನುತ್ತಿದ್ದರು. ನನ್ನ ವಿಷಯ ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ, ಯಾಕೆಂದರೆ ನಾನು ಕೂತದ್ದನ್ನು ನೋಡಿದವರೇ ಕಡಿಮೆ.

ಮಗ್ಗಿ ಹೇಳಿಸಬೇಕಲ್ಲ ಅಂತ ಶಾಲೆಯನ್ನು ಊರ ಹೊರಗೆ ಕಟ್ಟಿದ್ದಾರೆ. ಬೆಳಗ್ಗೆ ಹನ್ನೊಂದಕ್ಕೆ ಆರರ ಮುಂದಿನ ಮಗ್ಗಿ. ಮಕ್ಕಳು ಸಾಲು ಸಾಲಿಗೂ ಏಳುತ್ತವೆ, ಕೂರುತ್ತವೆ, ಏಳುತ್ತವೆ. ಅದನ್ನೇ ಡ್ರಿಲ್ ಅಂತ ಲೆಕ್ಕಕ್ಕೆ ಹಿಡಿದು ಬೇರೆ ಡ್ರಿಲ್ ಮೇಷ್ಟ್ರನ್ನು ಹಾಕಿಕೊಂಡಿಲ್ಲ. ಬೋರಲಿಂಗಯ್ಯ ಮೇಷ್ಟ್ರು ಕುರ್ಚಿಯಲ್ಲಿ ಒರಗಿ ಕೂತು ಕಣ್ಣು ಮುಚ್ಚಿ ಕೇಳುತ್ತಾರೆ. ನನ್ನ ಮಗಳು ಕುಮುದ, ಎಂಟಕ್ಕೆ ಆಗಷ್ಟೇ ಕಾಲಿಟ್ಟವಳು, ಒಂದು ದಿನ ಎದ್ದವಳು ಕೂರದೆ ಕೇಳಿದಳಂತೆ: "ಸಾರ್, ನೀವ್ಯಾಕೆ ಏಳಲ್ಲ?"

"ನಾನು ದೊಡ್ಡೋನು ಕಣಮ್ಮ, ಓದ್ದೋನು," ಅಂದರಂತೆ ಮೇಷ್ಟ್ರು.

"ಎಷ್ಟು ಓದಿದ್ರೆ ಏಳಲ್ಲ ಸಾರ್?"

ಅಷ್ಟೇ ಆದದ್ದು. ಮಧ್ಯಾಹ್ನಕ್ಕೆ ಮಗಳು ಸ್ಲೇಟು ತಬ್ಬಿಕೊಂಡು ಮನೆಗೆ ಬಂದಳು, ಕೈಯಲ್ಲಿ ಒಂದು ಚೀಟಿ. 'ಬಾಯಿ ಜಾಸ್ತಿ. ಮನೆಯಲ್ಲೇ ಓದಿಸಿಕೊಳ್ಳುವುದು. ಇಪ್ಪತ್ತೊಂದನೆಯ ದಿನ ಇನ್‌ಸ್ಪೆಕ್ಟರ್ ಸಾಹೇಬರ ಜೊತೆ ಮನೆಗೇ ಬಂದು ಪರೀಕ್ಷೆ ಮಾಡುತ್ತೇವೆ. ಹತ್ತರವರೆಗಿನ ಮಗ್ಗಿ ಬಾಯಿಪಾಠ ಬರಬೇಕು. ಬಾರದಿದ್ದರೆ ವಸತಿಶಾಲೆಗೆ.' ವಸತಿಶಾಲೆ ಅಂದರೆ ಎರಡು ಬಸ್ಸು ಬದಲಾಯಿಸಿ ಹೋಗಬೇಕಾದ ಊರು, ವರ್ಷಕ್ಕೆ ಎರಡು ಸಲ ಮನೆಗೆ ಕಳಿಸುತ್ತಾರೆ. ಇನ್ನೂ ತಲೆ ಬಾಚಿಕೊಳ್ಳಲು ಬಾರದ ಕೂಸು ಅದು.

ನನ್ನ ಗಂಡ ಚೀಟಿಯನ್ನು ಎರಡು ಸಲ ಓದಿದರು. "ಹೋದ್ರೆ ಹೋಗ್ಲಿ ಬಿಡು. ಊಟ ಬಟ್ಟೆ ಎಲ್ಲ ಅವರದೇ ಅಂತೆ," ಅಂದರು.

"ನೀವು ಸುಮ್ನಿರಿ. ನಾನೇ ಓದಿಸ್ತೀನಿ," ಅಂದೆ. ಹತ್ತನೇ ಕ್ಲಾಸು ಮುಗಿಸಿ ಹನ್ನೆರಡು ವರ್ಷವಾಗಿತ್ತು. ಅಷ್ಟು ವರ್ಷದಲ್ಲಿ ನಾನು ಓದಿದ್ದು ಸಾಮಾನು ಕಟ್ಟಿಕೊಂಡು ಬಂದ ಪೇಪರು ಮಾತ್ರ.

ಇದೇ ಹೊತ್ತಿಗೆ ನಮ್ಮ ಅತ್ತೆ ಚೌಡಮ್ಮನವರು ಹಿತ್ತಲಲ್ಲಿ ತಮ್ಮದೇ ಒಂದು ಶಾಲೆ ತೆಗೆದಿದ್ದರು. ಚುಕ್ಕಿ ಅನ್ನುವ ಹೇಂಟೆಯನ್ನು ಮಂಕರಿಯಲ್ಲಿ ಹುಲ್ಲು ಹಾಸಿ, ಒಂಬತ್ತು ಮೊಟ್ಟೆ ಇಟ್ಟು, ಅವತ್ತೇ ಬೆಳಗ್ಗೆ ಕಾವಿಗೆ ಕೂರಿಸಿದ್ದರು. ನಮ್ಮ ಊರಿನಲ್ಲಿ ಕೋಳಿ ಸಾಕುವವರೆಲ್ಲ ಮರಿಗಳನ್ನು ಹೊರಗಿನಿಂದ ರಟ್ಟಿನ ಪೆಟ್ಟಿಗೆಯಲ್ಲಿ ತರಿಸುತ್ತಾರೆ. ಊರಿನೊಳಗೆ ಕಾವಿಗೆ ಕೂತ ಕೋಳಿ ಮರಿ ಮಾಡಿದ್ದೇ ಇಲ್ಲ. ಮೇವಿಗೆ ತಾನಾಗಿ ಎದ್ದರೆ ಹೋಗಿ ಮತ್ತೆ ಬಂದು ಕೂರುತ್ತದೆ. ಆದರೆ ಯಾರದೋ ಬಾಯಿಗೆ ನಾಲ್ಕು ಸಲ ಎದ್ದು ಕೂತರೆ ಯಾವ ಕೋಳಿಗಾದರೂ ಬೇಸರ ಬರುತ್ತದೆ, ಮಂಕರಿ ಬಿಟ್ಟು ಹೋಗಿಬಿಡುತ್ತದೆ. ಅತ್ತೆಯ ಐದು ಕಾವು ಹಾಗೆ ಕೆಟ್ಟಿದ್ದವು. ಈ ಸಲ ಅವರು ಹಟ ತೊಟ್ಟಿದ್ದರು.

"ನೋಡಮ್ಮಿ ಪುಟ್ಟಲಕ್ಷ್ಮಿ," ಅಂದರು ನನಗೆ, "ಇಪ್ಪತ್ತೊಂದು ದಿನ ಈ ಮನೇಲಿ ಆ ಮಾತು ಬರ್‍ಕೂಡ್ದು. ಬಂತೋ, ಮಗು ಹಾಸ್ಟಲ್ಲಿಗೋದ್ರೂ ಸರಿ, ನಾನು ನನ್ನ ತಮ್ಮನ ಮನೆಗೋಯ್ತೀನಿ."

ಅಲ್ಲಿಗೆ ಇಪ್ಪತ್ತೊಂದು ದಿನದಲ್ಲಿ ಮಗಳು ಮಗ್ಗಿ ಕಲಿಯಬೇಕು, ಅದೇ ಇಪ್ಪತ್ತೊಂದು ದಿನ ಮಗ್ಗಿ ಹೇಳಕೂಡದು. ನಮ್ಮದು ಮೂರೂಕಾಲು ಕೋಣೆಯ ಮನೆ. ನಡುಮನೆಯಲ್ಲಿ ಸೀನಿದರೆ ಹಿತ್ತಲಲ್ಲಿ ಕೋಳಿ ತಲೆ ಎತ್ತುತ್ತದೆ.

ಪಾಠ ಶುರು ಮಾಡಿದೆ. ಒಲೆಯ ಮುಂದೆ ನಾನು, ಹೊಸಿಲ ಮೇಲೆ ಅವಳು. ಅವರೆಕಾಳಿನಲ್ಲಿ ಕೂಡುವುದು ಕಳೆಯುವುದು, ಸಾರಿನ ಪುಡಿಯ ಡಬ್ಬಿಗಳಲ್ಲಿ ಅಳತೆ, ಅಜ್ಜಿಯ ಬಾಯಿಂದ ಹಕ್ಕಿಪಕ್ಷಿಗಳ ಹೆಸರು. ಮೇಷ್ಟ್ರು ಒಂದು ವರ್ಷದಲ್ಲಿ ಕಲಿಸದೆ ಇದ್ದದ್ದನ್ನು ಅವಳು ಹತ್ತು ದಿನದಲ್ಲಿ ಕಲಿತಳು ಅಂತ ನಾನು ಜಂಬ ಕೊಚ್ಚಿಕೊಳ್ಳುವುದಿಲ್ಲ, ಎಂಟು ದಿನದಲ್ಲೇ ಕಲಿತಳು. ಆರರವರೆಗೆ ಮಗ್ಗಿ ನೀರು ಕುಡಿದಷ್ಟು ಸಲೀಸು. ಎಂಟು, ಒಂಬತ್ತು, ಹತ್ತು, ಅದೂ ಆಯಿತು. ನಡುವಿನದೊಂದು ಹಲ್ಲು ಬಿದ್ದ ಜಾಗದ ಹಾಗೆ ಖಾಲಿ ಉಳಿಯಿತು.

ಬರೆದು ಕಲಿ ಅಂದೆ. ಬರೆದಳು, ಬಾಯಿ ತೆಗೆದರೆ ನಾಲಿಗೆ ಹೊರಳಲಿಲ್ಲ. ಪಿಸುಗುಟ್ಟು ಅಂದೆ. ಪಿಸುಗುಟ್ಟಿದಳು, ರೊಟ್ಟಿ ತಟ್ಟಲು ಕೂತಿದ್ದ ನಾನು ಹಿಟ್ಟಿನ ಕೈಯಲ್ಲೇ ಎದ್ದು ನಿಂತೆ. ಕೋಳಿಗೆ ಪುಣ್ಯಕ್ಕೆ ಕೇಳಿಸಲಿಲ್ಲ. ಇನ್ನೇನು ಮಾಡುವುದು ಅಂತ ಕೆರೆಯ ಏರಿಗೆ ಕರೆದುಕೊಂಡು ಹೋದೆ. ಅಲ್ಲಿ ಎರಡು ಸಾಲು ಹೇಳುವಷ್ಟರಲ್ಲಿ ಕೆಸರಲ್ಲಿ ಮಲಗಿದ್ದ ಎಮ್ಮೆಗಳೆಲ್ಲ ದಡಬಡ ಎದ್ದವು, ಮರದ ಕೆಳಗೆ ಒರಗಿದ್ದ ಅವುಗಳ ಯಜಮಾನನೂ ಎದ್ದ, ಎದ್ದವನು ಸುಮ್ಮನೆ ಕೂರದೆ ನನ್ನ ಮೇಲೆ ಜಗಳಕ್ಕೆ ಬಂದ. "ಓದ್ಸೋರು ಓದುಸ್ಕೊಳಿ, ನನ್ ಎಮ್ಮೆಗ್ಯಾಕೆ ಲೆಕ್ಕ ಹೇಳ್ಕೊಡ್ತೀರಿ?" ಅಂದ. ಮಗಳ ಕೈ ಹಿಡಿದು ಮನೆಗೆ ಬಂದೆ.

ಹನ್ನೊಂದನೆಯ ದಿನ ಗಣಿತ ಬದಿಗಿಟ್ಟು ವ್ಯಾಕರಣ ತೆಗೆದೆ. ಏಕವಚನ, ಬಹುವಚನ. ಒಬ್ಬರೇ ಇದ್ದರೂ ಗೌರವಕ್ಕೆ ಬಹುವಚನ ಬರುತ್ತದೆ ಅಂತ ಹೇಳಿ, "ಹೋಗು, ಗೌರವದ ಮಾತು ಹತ್ತು ಹೇಳ್ಕೊಂಡು ಬಾ," ಅಂತ ಕಳಿಸಿದೆ. ಸ್ವಲ್ಪ ಹೊತ್ತಿಗೆ ಹಿತ್ತಲಿಂದ ಮಗಳ ದನಿ ಕೇಳಿಸಿತು. "ಚುಕ್ಕಮ್ನೋರೆ, ಚೆನ್ನಾಗಿದ್ದೀರಾ? ರಾಗಿ ತಿಂತೀರಾ? ನೀರು ಕುಡೀರಿ. ನಿಮ್ಮ ಕೆಳಗೆ ಎಷ್ಟು ಬೆಚ್ಚಗಿದೆ!"

"ಕೋಳಿಗ್ಯಾಕೆ ಗೌರವ ಕೊಡ್ತಿದ್ದೀಯೆ?" ಅಂತ ಕೇಳಿದೆ.

"ಅವರು ಕೂತಿದ್ದ ಕಡೆಯಿಂದ ಏಳಲ್ಲ ಕಣವ್ವ. ಊಟ ನೀರು ಎಲ್ಲ ನಾವೇ ತಂದ್ಕೊಡ್ತೀವಿ. ಅಪ್ಪನ ಥರ. ಅದಕ್ಕೆ ನೀವು ಅಂದೆ."

ತಪ್ಪು ಹುಡುಕಿದೆ, ಸಿಗಲಿಲ್ಲ. ಅಂದಿನಿಂದ ಅವಳಿಗೆ ಅದೇ ಆಟವಾಯಿತು, ಬೆಳಗಿಂದ ಸಂಜೆಯವರೆಗೆ ಕೋಳಿಗೆ 'ಬನ್ನಿ, ಹೋಗಿ' ಅನ್ನುವುದು. ಎರಡು ದಿನ ಕಳೆದು ಒಬ್ಬ ಬಳೆಗಾರ ಬೀದಿಗೆ ಬಂದ. ಹೊಸಬ, ನಮ್ಮ ಊರಿನ ರೀತಿ ಗೊತ್ತಿಲ್ಲದವನು. ಹಿತ್ತಲ ಬೇಲಿಯ ಪಕ್ಕದಲ್ಲೇ ಗಂಟಲು ಹರಿಯುವಂತೆ ಕೂಗಿದ: "ಏಳು ಬಣ್ಣದ ಬಳೆ! ಏಳು ಬಣ್ಣದ ಬಳೆ!" ಹೂ ಕಟ್ಟುತ್ತಿದ್ದ ಅತ್ತೆ ಎದ್ದರು, ಹೂವೆಲ್ಲ ಚೆಲ್ಲಿತು. ಮಂಕರಿಯ ಮುಂದೆ ಕುಕ್ಕರುಗಾಲಲ್ಲಿದ್ದ ಕುಮುದ ಎದ್ದಳು. ಅತ್ತೆ ಎದೆ ಬಡಿದುಕೊಳ್ಳಲು ಕೈ ಎತ್ತಿದವರು ಹಾಗೇ ನಿಂತರು. ಚುಕ್ಕಿ ಕೂತೇ ಇತ್ತು, ಕಣ್ಣು ಕೂಡ ಅರೆ ಮುಚ್ಚಿಕೊಂಡು, ಥೇಟು ಬೋರಲಿಂಗಯ್ಯ ಮೇಷ್ಟ್ರು.

"ಕಿವುಡಾಯ್ತಾ ಇದು?" ಅಂದರು ಅತ್ತೆ. ಮಂಕರಿಗೆ ಬಗ್ಗಿ, "ಏನೆ ಚುಕ್ಕಿ, ಕೇಳುಸ್ಲಿಲ್ವೇನೆ ನಿಂಗೆ?" ಅಂತ ಕೇಳಿದರು. ಬಳೆಗಾರ ಇನ್ನೊಂದು ಸಲ ಕೂಗಿದ. ಚುಕ್ಕಿ ಎದ್ದು ನಿಂತಿತು.

ಅತ್ತೆ ಬೊಬ್ಬೆ ಹೊಡೆದರು. ಕುಮುದ ಹೊಡೆಯಲಿಲ್ಲ. ಮಂಕರಿಯ ಮುಂದೆ ಕೈಮುಗಿದು, "ಕೂತ್ಕೊಳ್ಳಿ ಚುಕ್ಕಮ್ನೋರೆ, ಅಜ್ಜಿಗೆ ಗೊತ್ತಾಗಲ್ಲ," ಅಂದಳು. ಕೋಳಿ ಮೊಟ್ಟೆಯನ್ನು ಕೊಕ್ಕಿನಲ್ಲಿ ಒಂದಿಷ್ಟು ಹೊರಳಿಸಿ ಕೂತಿತು. ಬಳೆಗಾರ ಮೂರನೆಯ ಸಲ ಕೂಗಿದ. ಏಳಲಿಲ್ಲ.

ಅವತ್ತು ಸಂಜೆ ಅಪ್ಪ ಬರುವುದನ್ನೇ ಮಗಳು ಕಾಯುತ್ತಿದ್ದಳು. ಅವರು ಕಾಫಿ ಹಿಡಿದು ಜಗುಲಿಯಲ್ಲಿ ಕೂತರು. ಅತ್ತೆ ಒಳಗಿಂದ, "ಲೋ ಚೆಲುವ, ಎಲೆಅಡಿಕೆ ತಂದ್ಯೇನೋ?" ಅಂದರು. ಕುಮುದ ಸಣ್ಣಗೆ ಆ ಮಾತು ಅಂದಳು, ನನ್ನ ಗಂಡ ಕಾಫಿ ಸಮೇತ ಎದ್ದರು. "ವಾಯು," ಅಂದು ಕೂತರು. ಮಗಳು ನನಗೆ ಸನ್ನೆ ಮಾಡಿದಳು. ನಾನು, "ಇನ್ನೊಂಚೂರು ಸಕ್ಕರೆ ಬೇಕಾ ನಿಮಗೆ?" ಅಂದೆ. ಮಗಳು ಮತ್ತೆ ಅಂದಳು. ಏಳಲಿಲ್ಲ. ಅವಳು ಸ್ಲೇಟಿನ ಮೇಲೆ ಬರೆದುಕೊಂಡಳು: 'ಕೊನೆಗೆ ಮಾತಾಡಿಸಿದವರು ನೀನು ಅಂದರೆ ಏಳುವುದು. ನೀವು ಅಂದರೆ ಕೂರುವುದು. ತುಪ್ಪ ಅಲ್ಲ.'

ಊರಿಗೆ ಊರೇ ತಲೆತಲಾಂತರದಿಂದ ತಲೆ ಕೆರೆದುಕೊಂಡ ವಿಷಯ ಅದು. ನಾನು ಸ್ಲೇಟನ್ನು ಎರಡು ಸಲ ಓದಿದೆ. ಆದರೆ ಅದನ್ನು ಊರಿಗೆ ಹೇಳುವ ಆತುರ ನನಗಿರಲಿಲ್ಲ, ಉಳಿದದ್ದು ಎಂಟು ದಿನ, ಮಗ್ಗಿ ಒಂದು. ಮನೆಯಲ್ಲಿ ಹೊಸ ಕಾನೂನು ಮಾಡಿದೆವು. ಯಾರೇ ಆಗಲಿ, ಕೋಳಿಯನ್ನು ಏಕವಚನದಲ್ಲಿ ಮಾತಾಡಿಸಕೂಡದು.

ಅತ್ತೆಗೆ ಅದು ಶಿಕ್ಷೆಯೇ ಆಯಿತು. ಅವರು ಜೀವಮಾನದಲ್ಲಿ ಡಾಕ್ಟರಿಗೂ ನೀವು ಅಂದವರಲ್ಲ. ರಾಗಿ ಹಾಕಲು ಹೋದವರು, "ತಿನ್ನೆ... ತಿನ್ನಿ ನಮ್ಮವ್ವ, ತಿನ್ನಿ," ಅಂತ ತೊದಲುತ್ತಿದ್ದರು. ಕುಮುದ ಮಂಕರಿಯ ಪಕ್ಕದಲ್ಲೇ ಚಾಪೆ ಹಾಸಿ ಮಗ್ಗಿ ಶುರು ಮಾಡಿದಳು. ಅವಳು ಏಳುವುದು ಕೂರುವುದು ತಪ್ಪಲಿಲ್ಲ. ಎದ್ದಾಗ ಒಂದು ಸಾಲು, ಕೂತಾಗ ಒಂದು ಸಾಲು, ಹಾಗೇ ಬಾಯಿಗೆ ಬಂತು. ಕೋಳಿ ಕೂತು ಕೇಳಿಸಿಕೊಂಡಿತು.

ಎಲ್ಲ ಸುಗಮವಾಗಿಯೇ ಸಾಗುತ್ತಿತ್ತು. ಹದಿನಾರನೆಯ ದಿನ ಬೆಳಗ್ಗೆ ನನ್ನ ಗಂಡ ಹಲ್ಲುಜ್ಜಿಕೊಂಡು ಹಿತ್ತಲಿಗೆ ಹೋದರು. ನಾನು ಕಿಟಕಿಯ ಈಚೆ ಒಗ್ಗರಣೆಗೆ ಸಾಸಿವೆ ಹಾಕುತ್ತಿದ್ದೆ. ಅವರು ಮಂಕರಿಯ ಮುಂದೆ ಬಗ್ಗಿ ನಿಂತು, "ಹೆಂಗಿದ್ದೀರಿ? ನಿದ್ದೆ ಬಂತಾ ನಿಮಗೆ? ಸುಸ್ತಾಗಿದ್ದೀರಿ ಪಾಪ, ಕೂತ್ಕೊಳ್ಳಿ, ನಾನು ನೀರು ತರ್ತೀನಿ," ಅಂದರು. ಎಷ್ಟು ಮೆತ್ತಗೆ ಅಂದರು ಅಂದರೆ ನಾನು ಯಾರೋ ನೆಂಟರು ಬಂದಿದ್ದಾರೆ ಅಂದುಕೊಂಡೆ. ಆಮೇಲೆ ಒಳಗೆ ಬಂದು, "ಲೇ, ಟವಲೆಲ್ಲಿಟ್ಟಿದ್ದೀಯ?" ಅಂದರು. ಸಾಸಿವೆ ಸೀದಿತ್ತು. ಹನ್ನೊಂದು ವರ್ಷದಿಂದ ಈ ಮನೆಯಲ್ಲಿ ಇದ್ದೇನೆ. ಮಗಳನ್ನು ಹೆತ್ತು ಹತ್ತು ದಿನಕ್ಕೆ ಎದ್ದು ನೀರು ಸೇದಿದ್ದೇನೆ. ಸುಸ್ತಾಗಿದೆಯಾ ಅಂತ ಕೇಳಿಸಿಕೊಳ್ಳಲು ಮೊಟ್ಟೆ ಇಡಬೇಕಾಗಿತ್ತು ಅಂತ ನನಗೆ ತಿಳಿದಿರಲಿಲ್ಲ. ಟವಲು ತೆಗೆದು ಕೊಟ್ಟೆ. ಮನಸ್ಸಿಗೆ ಮಾತ್ರ ಬಹಳ ನೋವಾಯಿತು.

ಇಪ್ಪತ್ತೊಂದನೆಯ ದಿನ ಬೆಳಗ್ಗೆ ಮೊಟ್ಟೆಯೊಳಗಿಂದ ಚಿಂವ್ ಚಿಂವ್ ಕೇಳಿಸಿತು. ಎರಡು ಮೊಟ್ಟೆ ಬಿರಿದು ಒಳಗಿನ ಕೊಕ್ಕು ಕಾಣುತ್ತಿತ್ತು. ಮಳೆ ಬರುವ ಹಾಗಿತ್ತು ಅಂತ ಅತ್ತೆ ಮಂಕರಿಯನ್ನು ಹಾಗೇ ಎತ್ತಿ ನಡುಮನೆಯ ಮೂಲೆಗೆ ತಂದಿಟ್ಟಿದ್ದರು. ಹೊತ್ತು ಏರುವಷ್ಟರಲ್ಲಿ ಬೋರಲಿಂಗಯ್ಯ ಮೇಷ್ಟ್ರು ಇನ್‌ಸ್ಪೆಕ್ಟರ್ ಸಾಹೇಬರನ್ನು ಕರೆದುಕೊಂಡು ಬಂದರು. ಸಾಹೇಬರು ದೂರದವರು, ಎಲ್ಲರ ಬಾಯಲ್ಲೂ 'ತಾವು' ಅನ್ನಿಸಿಕೊಳ್ಳುವ ಮನುಷ್ಯ, ನಮ್ಮ ಊರಿನ ಸುದ್ದಿ ಗೊತ್ತಿಲ್ಲ. ಸಾಹುಕಾರರ ಅಂಗಡಿಯಿಂದ ತಂದ ಎರಡು ಕುರ್ಚಿಯಲ್ಲಿ ಇಬ್ಬರೂ ಕೂತರು. ಅತ್ತೆ ಹೊಸಿಲ ಮೇಲೆ, ನನ್ನ ಗಂಡ ಬಾಗಿಲಿಗೆ ಒರಗಿ, ನಾನು ಅಡುಗೆಮನೆಯ ಬಾಗಿಲಲ್ಲಿ ಕಾಫಿ ತಟ್ಟೆ ಹಿಡಿದು ನಿಂತಿದ್ದೆ.

ಮೇಷ್ಟ್ರು ಮನೆಯನ್ನೆಲ್ಲ ಒಮ್ಮೆ ನೋಡಿದರು. ಮಂಕರಿ ಕಂಡಿತು, ಬಿರಿದ ಮೊಟ್ಟೆಯೂ ಕಂಡಿತು. ಅವರು ಇದೇ ಊರಿನವರು, ಒಂದು ನೋಟ ಸಾಕು. ಮುಖ ಅರಳಿತು. "ಬೇರೆ ಯಾವ್ದೂ ಬೇಡಮ್ಮ. ಆರ್ಮುಂದಿಂದು ಒಂದು ಹೇಳ್ಬಿಡು ಸಾಕು," ಅಂದರು.

ಹೇಳಿದರೆ ಕಾವು ಕೆಡುತ್ತದೆ, ಹೇಳದಿದ್ದರೆ ಮಗಳು ಬಸ್ಸು ಹತ್ತುತ್ತಾಳೆ, ಅಜ್ಜಿ ಹೇಳಲು ಬಿಡುವುದಿಲ್ಲ, ಇದು ಅವರ ಲೆಕ್ಕ. ಕುಮುದ ನೇರವಾಗಿ ಮಂಕರಿಯ ಹತ್ತಿರ ಹೋದಳು. "ಚುಕ್ಕಮ್ನೋರೆ, ನೀವು ಕೂತ್ಕೊಂಡಿರಿ. ನಂದು ಬೇಗ ಮುಗಿದೋಯ್ತದೆ," ಅಂದಳು. ಸಾಹೇಬರು ನಕ್ಕರು. ಮಗಳು ಬಂದು ಕೈಕಟ್ಟಿ ನಿಂತಳು.

"ಏಳೊಂದ್ಲೆ ಏಳು. ಏಳೆರಡ್ಲೆ ಹದಿನಾಲ್ಕು."

ಅತ್ತೆ ಎದ್ದರು, ಕೂತರು, ಎದ್ದರು. "ಯಾಕಮ್ಮ, ಕಾಲುನೋವಾ?" ಅಂತ ಕೇಳಿದರು ಸಾಹೇಬರು. "ಇಲ್ಲ ಸ್ವಾಮಿ, ಲೆಕ್ಕ," ಅಂದರು ಅತ್ತೆ. ನಾನು ಮಂಕರಿಯ ಮೂಲೆಯನ್ನೇ ನೋಡುತ್ತಿದ್ದೆ. ಕೋಳಿ ಅಲುಗಲಿಲ್ಲ. ಏಳ್ಮೂರ್ಲೆ ಇಪ್ಪತ್ತೊಂದು. ಅಲುಗಲಿಲ್ಲ. ಏಳ್ನಾಲ್ಕ್ಲೆ ಇಪ್ಪತ್ತೆಂಟು. ರೆಕ್ಕೆ ಒಂದಿಷ್ಟು ಅಗಲ ಮಾಡಿ ಇನ್ನೂ ಗಟ್ಟಿಯಾಗಿ ಕೂತಿತು. ಮೇಷ್ಟ್ರ ಮುಖದ ನಗು ಇಳಿಯಿತು.

"ನಿಲ್ಸು," ಅಂದರು. "ಆ ಕೋಳಿ ಯಾಕೆ ಏಳ್ತಿಲ್ಲ?"

"ನಾವು ಅವರನ್ನ ನೀವು ಅಂತೀವಿ ಸಾರ್," ಅಂದಳು ಮಗಳು. ಅವಳ ದನಿಯಲ್ಲಿ ಕೊಂಕಿರಲಿಲ್ಲ, ಪಾಠ ಒಪ್ಪಿಸುವ ದನಿ. "ನಿಮ್ಮನ್ನೂ ಅಂತೀವಲ್ಲ ಸಾರ್, ಹಂಗೇ."

ಮೇಷ್ಟ್ರು ಕೋಳಿಯನ್ನು ನೋಡಿದರು. ತಮ್ಮ ಕುರ್ಚಿಯ ಕೈಗಳನ್ನು ನೋಡಿಕೊಂಡರು. ಮೂವತ್ತು ವರ್ಷದ ವಿದ್ಯೆ ಅಂತ ಅಂದುಕೊಂಡದ್ದು ಏನು ಅಂತ ಅವರಿಗೆ ಆ ಕ್ಷಣದಲ್ಲಿ ತಿಳಿಯಿತು ಅನ್ನಿಸುತ್ತದೆ, ಪಾಪ, ಬೆವರು ಒರೆಸಿಕೊಂಡರು. ನಮ್ಮ ಅತ್ತೆ ಕೆನ್ನೆಗೆ ಕೈ ಇಟ್ಟುಕೊಂಡರು. "ಅಯ್ಯೋ ಬೋರಾ, ಇಷ್ಟೇನೇನೋ! ಓದಿನ ಬಲ ಅಂದ್ಕೊಂಡಿದ್ನಲ್ಲೋ ನಾನು. ಇದೇ ಮನೇಲಿ ಗೊಣ್ಣೆ ಸುರುಸ್ಕೊಂಡು ಮಜ್ಜಿಗೆ ಕುಡೀತಿದ್ದೆಯಲ್ಲೋ ನೀನು, ನೆಪ್ಪೈತಾ?" ಅಂದರು. ಪ್ರೀತಿಯಿಂದಲೇ ಅಂದದ್ದು. ಆದರೆ ನೀನು ಅಂದಾಗಿತ್ತು.

ಮೇಷ್ಟ್ರಿಗೆ ಗೊತ್ತಾಯಿತು. "ಸಾಕು, ಸಾಕು! ಪಾಸು! ಸಾಹೇಬ್ರೆ, ಸಹಿ ಹಾಕ್ಬಿಡಿ," ಅಂದರು.

ಸಾಹೇಬರು ಅವರ ಕಡೆ ತಿರುಗಲೂ ಇಲ್ಲ. "ಇನ್ನೂ ಆರು ಸಾಲಿದೆ. ಹೇಳು ಮರಿ, ಚೆನ್ನಾಗಿ ಹೇಳ್ತಿದ್ದೀಯ," ಅಂದರು ಕುಮುದನಿಗೆ.

ಯಾರಾದರೂ ತನ್ನನ್ನು ಒಂದು ಸಲ ನೀವು ಅನ್ನಲಿ ಅಂತ ಮೇಷ್ಟ್ರು ಎಲ್ಲರ ಮುಖ ನೋಡಿದರು. ಕೊನೆಗೆ ನನ್ನನ್ನು ನೋಡಿದರು. 'ಕಾಫಿ ತಗೊಳ್ಳಿ ಮೇಷ್ಟ್ರೇ' ಅಂತ ನಾನು ಅಂದಿದ್ದರೆ ಸಾಕಾಗಿತ್ತು, ಮಾತು ಬಾಯಿಯ ತುದಿಯಲ್ಲೇ ಇತ್ತು. ನಾನು ಮುಂದೆ ಹೋಗಿ ಲೋಟವನ್ನು ಅವರ ಪಕ್ಕದಲ್ಲಿ ಇಟ್ಟೆ. ಏನೂ ಮಾತಾಡದೆ ಹಿಂದಕ್ಕೆ ಬಂದೆ.

"ಏಳೈದ್ಲೆ ಮೂವತ್ತೈದು," ಅಂದಳು ಮಗಳು. ಬೋರಲಿಂಗಯ್ಯ ಮೇಷ್ಟ್ರು ಎದ್ದು ನಿಂತರು. ಕೂತರು. ಏಳಾರ್ಲೆ ನಲವತ್ತೆರಡಕ್ಕೆ ಎದ್ದರು. ಏಳೇಳ್ಲೆ ಅಂದಾಗ ಎರಡು ಸಲ ಎದ್ದರು. ಮಗ್ಗಿ ಮುಗಿದಾಗ ಅವರು ನಿಂತೇ ಇದ್ದರು. ಸಾಹೇಬರ ಕಣ್ಣು ಒದ್ದೆಯಾಗಿತ್ತು. ಕನ್ನಡಕ ತೆಗೆದು ಒರೆಸಿಕೊಂಡು ವರದಿ ಬರೆದರು: 'ಬಾಲಕಿ ಉತ್ತೀರ್ಣ. ಮುಂದೆಯೂ ಮನೆಯಲ್ಲೇ ಓದಬಹುದು. ಶಿಷ್ಯೆಯ ಪ್ರತಿಯೊಂದು ಸಾಲಿಗೂ ಗುರುಗಳೇ ಎದ್ದು ನಿಂತು ಗೌರವಿಸಿದ ದೃಶ್ಯವನ್ನು ನನ್ನ ಸೇವಾವಧಿಯಲ್ಲಿ ಇದೇ ಮೊದಲು ನೋಡಿದೆ. ಈ ಶಿಕ್ಷಕರನ್ನು ಪ್ರಶಸ್ತಿಗೆ ಶಿಫಾರಸು ಮಾಡುತ್ತೇನೆ.' ಮೇಷ್ಟ್ರು ಅದನ್ನು ಓದಿಕೊಂಡು ಹೊರಟರು. ಕಾಫಿ ಹಾಗೇ ಉಳಿಯಿತು.

ಅವರು ಬೀದಿಯ ತಿರುವು ದಾಟುವಷ್ಟರಲ್ಲಿ ಮೊದಲನೆಯ ಮರಿ ಒದ್ದೆ ಒದ್ದೆಯಾಗಿ ಹೊರಗೆ ಬಂತು. ಅತ್ತೆ ಅಳುತ್ತ ನಗುತ್ತ ಮಂಕರಿಯನ್ನು ಹಿತ್ತಲಿಗೆ ಸಾಗಿಸಿದರು. ಕುಮುದ ಹೋಗದೆ ನನ್ನ ಸೆರಗು ಹಿಡಿದು ನಿಂತಳು. "ಅವ್ವ, ಇನ್ಮೇಲೆ ನಿಮ್ಮನ್ನೂ ನೀವು ಅಂತೀನಿ. ನೀವು ಕೂತ್ಕೊಂಡು ನೆಮ್ಮದಿಯಾಗಿ ಉಣ್ಬೋದು," ಅಂದಳು.

ಮಗಳು ಎದುರಿಗೇ ಇದ್ದಳು, ಆದರೂ ಎರಡು ಬಸ್ಸಿನಷ್ಟು ದೂರ ಹೋದ ಹಾಗಾಯಿತು ನನಗೆ. ಎತ್ತಿಕೊಳ್ಳುವ ವಯಸ್ಸಲ್ಲ, ಆದರೂ ಎತ್ತಿಕೊಂಡೆ. "ಬ್ಯಾಡ ಕಣೆ. ನೀನು ನನ್ನ ನೀನು ಅಂತ್ಲೇ ಅನ್ನು. ನಿನ್ನ ಬಾಯಿಗೆ ಎದ್ದೇಳೋಕೆ ನಂಗೇನು ಕಷ್ಟ?" ಅಂದೆ. ಅವಳು ಇಳಿದು ಮರಿ ನೋಡಲು ಓಡಿದಳು.

ಮಧ್ಯಾಹ್ನ ನನ್ನ ಗಂಡ ಕೈತೊಳೆದು ಊಟಕ್ಕೆ ಕೂತರು. "ನಾನು ಅವತ್ತೇ ಹೇಳ್ಲಿಲ್ವಾ, ಪಾಸಾಯ್ತಾಳೆ ಅಂತ? ಬಡಿಸು ಬಡಿಸು," ಅಂದರು. ಬಡಿಸಿದೆ. ಆಮೇಲೆ ಇನ್ನೊಂದು ಮಣೆ ತಂದು ಅವರ ಎದುರಿಗೆ ಹಾಕಿ, ನನಗೂ ಒಂದು ತಟ್ಟೆ ಇಟ್ಟುಕೊಂಡು ಕೂತೆ. ಅವರು ತಟ್ಟೆ ನೋಡಿದರು, ನನ್ನನ್ನು ನೋಡಿದರು. "ಸಾರು?" ಅಂದರು.

"ಅಲ್ಲೇ ಐತೆ. ನೀನೇ ಬಡಿಸ್ಕೊ," ಅಂದೆ.

ಅಂದು ನನ್ನ ತಟ್ಟೆಗೆ ಕೈ ಹಾಕಿದೆ. ಅವರು ಕಲೆಸುತ್ತಿದ್ದ ಕೈ ನಿಂತಿತು. ಆಗ ಹಿತ್ತಲಲ್ಲಿ ಕುಮುದ ಮರಿ ಎಣಿಸಲು ಶುರು ಮಾಡಿದಳು. ಪರೀಕ್ಷೆ ಪಾಸಾದವಳು, ಇನ್ನು ಅವಳಿಗೆ ಯಾರ ಹೆದರಿಕೆ? ಗಟ್ಟಿಯಾಗಿಯೇ ಎಣಿಸಿದಳು. ನಾಲ್ಕು, ಐದು, ಆರು, ಏಳು!

ನಾನು ಎದ್ದೆ. ಎದುರಿಗೆ ಅವನೂ ಎದ್ದ. ಅವನ ಬಲಗೈಯಲ್ಲಿ ಒಂದು ತುತ್ತು ಅನ್ನ ಇತ್ತು, ನನ್ನ ಕೈಯಲ್ಲೂ ಇತ್ತು. ಹನ್ನೊಂದು ವರ್ಷದಲ್ಲಿ ನಾವಿಬ್ಬರೂ ಹೀಗೆ ಒಂದೇ ಸಲ ಎದ್ದು ಎದುರುಬದುರು ನಿಂತದ್ದೇ ಇಲ್ಲ. ಬೈಯುತ್ತಾನೆ ಅಂದುಕೊಂಡೆ, ಹೆದರಿಕೆಯೂ ಆಯಿತು. ಅವನು 'ವಾಯು' ಅನ್ನಲಿಲ್ಲ. ನನ್ನನ್ನು ಕಾಲಿನಿಂದ ತಲೆಯವರೆಗೆ, ಅಂಗಡಿಯಲ್ಲಿ ಹೊಸ ಸೀರೆ ಬಿಡಿಸಿದಾಗ ನೋಡುವ ಹಾಗೆ, ನೋಡಿದ. "ಕೂತ್ಕೊ, ಅನ್ನ ಆರೋಯ್ತದೆ," ಅಂದ. ಇಬ್ಬರೂ ಕೂತೆವು. ಸೌಟು ಅವನೇ ತೆಗೆದುಕೊಂಡು ಮೊದಲು ನನ್ನ ತಟ್ಟೆಗೆ ಸಾರು ಬಿಟ್ಟ.